ಹುಳುಮನೆಯ ಬಾಗಿಲಿಗೆ ಬಂದ ಸಮನ್ಸು

ಶರಣ ಬಂಧುಗಳೇ, ಭೀಮನಬೀಡಿನ ಪುಟ್ಟಬಸಮ್ಮನ ಬದುಕನ್ನು ನೆನೆದಾಗಲೆಲ್ಲ ನನ್ನ ಎದೆ ಇಂದಿಗೂ ಉಕ್ಕುತ್ತದೆ. ಸಾಕ್ಷಿಯ ಕಟಕಟೆಯಲ್ಲಿಯೂ ಶಿವನು ನಿಂತು ಮಾತನಾಡುತ್ತಾನೆಂಬುದನ್ನು ನಾನು ಕಣ್ಣಾರೆ ಕಂಡೆ. ಕಂಡದ್ದನ್ನು ಹೇಳದೆ ಇರಲಾರೆ.

ಆಕೆ ಹರವೆಗೆ ಸೊಸೆಯಾಗಿ ಹೋದವಳು. ಗಂಡ ಮಹದೇವ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುತ್ತಿದ್ದ. ಮನೆಯ ರೇಷ್ಮೆಹುಳು ಸಾಕಣೆಯೆಲ್ಲ ಅತ್ತೆ ಮಲ್ಲಾಜಮ್ಮನದು. ಸೊಸೆಗೆ ಆ ಕಾಯಕವನ್ನು ಕೈಹಿಡಿದು ಕಲಿಸಿದವಳೂ ಆಕೆಯೇ. ಮಗಳು ಮಾನಸ ಹೈಸ್ಕೂಲು ಸೇರುವ ಹೊತ್ತಿಗೆ ಮಹದೇವನ ಮನಸ್ಸು ಬೇರೆಡೆಗೆ ವಾಲಿತು. ಹೆಂಡತಿ ಮಗಳಿಬ್ಬರನ್ನೂ ಭೀಮನಬೀಡಿನ ತವರಿನಲ್ಲಿ ಇಳಿಸಿ ಹೋದವನು ಮತ್ತೆ ತಿರುಗಿ ನೋಡಲಿಲ್ಲ. ಪುಟ್ಟಬಸಮ್ಮ ಅಣ್ಣ ಶಾಂತರಾಜುವಿನ ಹಳೆಯ ಕೊಟ್ಟಿಗೆಯನ್ನು ಸುಣ್ಣ ಬಳಿದು ಹುಳುಮನೆ ಮಾಡಿಕೊಂಡಳು. ಒಂದು ಬೆಳೆ ಕೈಗೆ ಬಂದರೆ ಇನ್ನೊಂದು ರೋಗಕ್ಕೆ ಹೋಗುತ್ತಿತ್ತು. ಮಾನಸಳ ಓದು ಯಾವ ದಿನ ನಿಲ್ಲುವುದೋ ಎಂಬ ದಿಗಿಲು ಆ ತಾಯಿಯನ್ನು ಬಿಡಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಮೂರರ ಶ್ರಾವಣ. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಪೊರೆ ಕಳಚುವ ಹೊತ್ತು. ಆಗ ಹೊರಗಿನವರು ಹುಳುಮನೆಯ ಹೊಸ್ತಿಲು ತುಳಿಯುವಂತಿಲ್ಲ, ಸಾಕುವವಳು ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಇದು ನಮ್ಮ ಸೀಮೆಯ ಕಟ್ಟು. ಅಂಥ ಹೊತ್ತಿನಲ್ಲಿಯೇ ಮಹದೇವ ಹೂಡಿದ್ದ ವಿಚ್ಛೇದನದ ಮೊಕದ್ದಮೆಯ ಸಮನ್ಸು ಹಿಡಿದು ಕೋರ್ಟಿನ ಜವಾನ ಬಂದು ಕೂಗಿದ.

ಬಾಗಿಲು ತೆರೆಯದೆಯೇ ಆಕೆ ಹೇಳಿದಳು, "ಯಾರಾದ್ರೂ ಸರಿ, ಈಗ ಓಗ್ಬುಡಿ. ನಂಗೇನೂ ಬ್ಯಾಡ."

ಆತ ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡು ಹೋದ. ಸಮನ್ಸು ನಿರಾಕರಿಸಿದಳೆಂದಾಯಿತು, ಆಕೆಯಿಲ್ಲದೆಯೇ ವಿಚ್ಛೇದನದ ತೀರ್ಪೂ ಆಯಿತು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಮಹದೇವನೇ ಶಾಂತರಾಜುವಿಗೆ ಸುದ್ದಿ ಹೇಳಿ, ಇನ್ನು ಬಿಡಿಗಾಸನ್ನೂ ಕೊಡುವುದಿಲ್ಲವೆಂದು ನಕ್ಕನಂತೆ.

ಕೈಬಿಟ್ಟವನ ದುಡ್ಡು ಭಿಕ್ಷೆಯಾಗುತ್ತದೆಂದು ಶಾಂತರಾಜು ಹಿಂಜರಿದ. ಪಕ್ಕದ ಮನೆಯ ನಾನು ಅವರ ಜಗಲಿಯಲ್ಲಿ ಕುಳಿತು ವಾದಿಸಿದೆ: ಆ ಮನೆಗಾಗಿ ಸೊಪ್ಪು ಹೊತ್ತ ತಲೆ, ಹುಳುವಿನ ತಟ್ಟೆ ತೊಳೆದ ಕೈ ಕಾಯಕ ಮಾಡಿಲ್ಲವೇ? ಕಾಯಕದ ಫಲ ಎಂದಾದರೂ ಭಿಕ್ಷೆಯಾದೀತೇ? ಪುಟ್ಟಬಸಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು, ವಕೀಲರ ಬಳಿಗೆ ಹೊರಡೋಣವೆಂದಳು. ತೀರ್ಪು ರದ್ದಾಗಬೇಕು, ಜೀವನಾಂಶ ಬೇಕು ಎಂದು ಅರ್ಜಿ ಹಾಕಿದೆವು.

ಚಾಮರಾಜನಗರದಲ್ಲಿ ವಿಚಾರಣೆಯ ದಿನ ಮೆಟ್ಟಿಲ ಬಳಿ ಮಹದೇವ ಎದುರಾದ.

"ಉಳ ಸಾಕೋಳಿಗೆ ಗಂಡನ ಸಂಬ್ಳ ಯಾಕೆ? ಉಳಾನೇ ಸಾಕ್ತವೆ ಬುಡು," ಎಂದು ಹಂಗಿಸಿದ.

"ಉಳಾನೂ ಸೊಪ್ಪು ಹಾಕ್ದೋರಿಗೇ ಗೂಡು ಕಟ್ಟೋದು," ಎಂದು ಆಕೆ ಒಳಗೆ ನಡೆದಳು.

ಒಳಗೆ ಅವನ ವಕೀಲರು ಜವಾನನ ಬರಹವನ್ನೇ ಎತ್ತಿ ಹಿಡಿದರು. ತನಗೆ ಏನೂ ಬೇಡವೆಂದು ಆಕೆಯೇ ಹೇಳಿದ್ದಾಳಲ್ಲ! ಹುಳುಮನೆಯ ಕಟ್ಟನ್ನು ನಮ್ಮ ವಕೀಲರು ವಿವರಿಸಿದರೆ, ಮಹದೇವ ಅಂಥದ್ದೊಂದು ತನಗೆ ಗೊತ್ತೇ ಇಲ್ಲವೆಂದು ಪ್ರಮಾಣ ಮಾಡಿದ. ನನ್ನ ಕೈ ಕೊರಳಿನ ಲಿಂಗವನ್ನು ಬಿಗಿಯಾಗಿ ಹಿಡಿದಿತ್ತು. ನಮ್ಮ ವಕೀಲರು ಸಾಕ್ಷಿಯ ಹೆಸರು ಕೂಗಿಸಿದರು. ಯಾರು ಬಂದರೆನ್ನುತ್ತೀರಿ? ಹರವೆಯಿಂದ ಬಸ್ಸು ಹತ್ತಿ ಬಂದ ಅತ್ತೆ, ಮಹದೇವನ ಹೆತ್ತವ್ವ, ಮಲ್ಲಾಜಮ್ಮ! ಸಾಕ್ಷಿ ಹೇಳಬೇಕೆಂದು ಸೊಸೆ ಹರವೆಗೆ ಹೋಗಿ ಕೇಳಿಕೊಂಡಾಗ ಬರುವೆನೆಂದು ಮಾತು ಕೊಡದೆ ಕಳಿಸಿದ್ದ ಮುದುಕಿ ತಾನಾಗಿಯೇ ಬಂದಿದ್ದಳು.

"ಜ್ವರಕ್ಕೆ ಕುಂತ ಉಳದ ಮನೆಗೆ ಯಾರನ್ನೂ ಬುಡಬ್ಯಾಡ ಅಂತ ಅವ್ಳಿಗೆ ಕಲ್ಸಿದ್ದು ನಾನೇ ಸ್ವಾಮಿ," ಎಂದಳು. "ಇವ್ನೂ ಆ ಬಾಗ್ಲಾಚೆ ಅಳ್ತಾ ನಿಂತು ಬೆಳ್ದವ್ನೇ."

"ಅವ್ವಾ, ನೀನೂವಾ?" ಎಂದ ಮಹದೇವ.

"ನಿನ್ನ ಹೆತ್ತೆ ಕಣ್ಲಾ. ನಿನ್ನ ಸುಳ್ಳ ಹೆರಲಿಲ್ಲ."

ನ್ಯಾಯಾಧೀಶರು ತೀರ್ಪನ್ನು ರದ್ದುಪಡಿಸಿದರು; ಮೊಕದ್ದಮೆ ಮುಗಿಯುವವರೆಗೆ ತಿಂಗಳು ತಿಂಗಳೂ ಜೀವನಾಂಶ ಕೊಡುವಂತೆ ಆಜ್ಞೆ ಮಾಡಿದರು. ಹೊರಗೆ ಪುಟ್ಟಬಸಮ್ಮ ಅತ್ತೆಯ ಕಾಲಿಗೆ ಬಿದ್ದಳು. ಮುದುಕಿ ಅವಳನ್ನೆತ್ತಿ, ಬೇಗ ಹೊರಡು, ಸಂಜೆಯ ಸೊಪ್ಪಿಗೆ ಹೊತ್ತಾಯಿತೆಂದು ಗದರಿಸಿದಳು.

ಮುಂದೆ ವಿಚ್ಛೇದನ ಆಗಿಯೇ ಆಯಿತು. ಆದರೆ ಈ ಸಲ ಆಕೆಯ ಮಾತು ಕೇಳಿಯೇ ಆಯಿತು. ಆಕೆ ಮರುಮದುವೆಯಾಗುವವರೆಗೂ ಜೀವನಾಂಶ ಸಲ್ಲಬೇಕೆಂದು ತೀರ್ಪು ಬಂತು. ಮಾನಸ ಈಗ ಗುಂಡ್ಲುಪೇಟೆಯ ಕಾಲೇಜಿಗೆ ಹೋಗುತ್ತಾಳೆ.

ಹುಳುಮನೆಯ ಬಾಗಿಲಿಗೆ ಪುಟ್ಟಬಸಮ್ಮ ಒಂದು ಎತ್ತಿನ ಗಂಟೆ ಕಟ್ಟಿದ್ದಾಳೆ. ಹುಳು ಜ್ವರಕ್ಕೆ ಕೂತಿರಲಿ, ಗೂಡು ಕಟ್ಟುವಷ್ಟು ಹಣ್ಣಾಗಿರಲಿ, ಜೀವನಾಂಶದ ಮನಿಯಾರ್ಡರು ತಂದ ಪೋಸ್ಟ್‌ಮ್ಯಾನ್ ದೂರ ನಿಂತು ಹಗ್ಗ ಎಳೆಯುತ್ತಾನೆ. ಆಕೆ ಹಿಂಬಾಗಿಲಿನಿಂದ ಬಂದು, ಜಗಲಿಯ ಮೇಲೆ ಕುಳಿತು ರುಜು ಹಾಕಿ, ಕೈ ತೊಳೆದು ಮತ್ತೆ ಹುಳುಗಳ ಬಳಿಗೆ ಹೋಗುತ್ತಾಳೆ.