ಬೀಡಿ ಬಿಟ್ಟವರ ಮೂತ್ರ

ನನ್ನ ಗಂಡ ಬೀಡಿ ಬಿಟ್ಟಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನಾನೇ ನಂಬಿರಲಿಲ್ಲ.

ಹತ್ತರಗಿಯ ಹತ್ತಿರ ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷ ಅವರ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು. ದೊಡ್ಡ ದವಾಖಾನೆಯ ಡಾಕ್ಟರು ನೋಡಿ, ಬೀಡಿಯಿಂದ ರಕ್ತದ ನರ ಮುಚ್ಚಿದೆ, ಬೇರೆ ನರ ಜೋಡಿಸಿದರೆ ಕಾಲು ಉಳಿದೀತು ಎಂದರು.

"ಆದ್ರ ಒಂದ ತಿಂಗಳ ಬೀಡಿ ಮುಟ್ಟಬಾರ್ದು ಕಾಕಾ. ಸೇದಿದ್ರ ಜೋಡಿಸಿದ್ದೂ ಮುಚ್ಚತೈತಿ. ಮೂತ್ರ ತಪಾಸ ಮಾಡತೀವಿ, ಸುಳ್ಳ ನಡಿಯೂದಿಲ್ಲ."

ಮನೆಗೆ ಬಂದವರೇ ಬೀಡಿ ಕಟ್ಟನ್ನು ಒಲೆಗೆ ಹಾಕಿದರು. ಬೈಗುಳ ಹೆಚ್ಚಾಯಿತು. ಬಾಯಿಗೆ ಏನಾದರೂ ಬೇಕಲ್ಲ ಎಂದು ನಾನು ಮಿಶ್ರಿ ಹೆಚ್ಚು ಮಾಡಿಟ್ಟೆ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಅರೆದು, ಡಬ್ಬಿಗೆ ತುಂಬುವುದು. ನಮ್ಮ ಕಡೆ ಅದರಲ್ಲೇ ಹಲ್ಲು ತಿಕ್ಕುತ್ತಾರೆ. ಮುಂಜಾನೆ ಒಂದು ಸಲ ತಿಕ್ಕುತ್ತಿದ್ದವರು ದಿನಕ್ಕೆ ನಾಲ್ಕು ಸಲ ತಿಕ್ಕತೊಡಗಿದರು.

ತಿಂಗಳಾದ ಮೇಲೆ ಮೂತ್ರ ಕೊಟ್ಟರು. ಡಾಕ್ಟರು ಕಾಗದ ನೋಡಿ, "ಇದರಾಗ ತಂಬಾಕ ಐತಿ. ಇನ್ನೊಂದ ತಿಂಗಳ ಬಿಟ್ಟ ಬರ್ರಿ" ಎಂದರು.

"ಮಕ್ಕಳಾಣಿ ಸೇದಿಲ್ರಿ ಸಾಹೇಬ್ರ."

ನಾನು ಅಕ್ಷರ ಕೂಡಿಸಿ ಓದುವವಳು, ಅದು ಇಂಗ್ಲಿಷ್ ಕಾಗದ. ಆದರೂ ಗಂಡನನ್ನು ಬಿಟ್ಟು ಕಾಗದ ನಂಬಿದೆ. ಹೊರಗೆ ನಾಲ್ಕು ಮಂದಿಯ ಮುಂದೆ ಅಂದೆ: "ಮಕ್ಕಳ ಮ್ಯಾಲ ಆಣಿ ಮಾಡ್ತೀರಿ, ನಾಚಿಕಿ ಬರೂದಿಲ್ಲ? ಯಾರ ಕಡೆ ಇಸ್ಕೊಂಡ ಸೇದಿದ್ರಿ?" ಯಾರೂ ಬೀಡಿ ಕೊಡದಿರಲಿ ಎಂದು, ಕದ್ದು ಸೇದುತ್ತಾರೆಂದು ಓಣಿಗೆಲ್ಲ ಹೇಳಿದೆ.

ಮುಂದಿನ ಸಲ ಹೋಗುವಷ್ಟರಲ್ಲಿ ಕಪ್ಪು ಹಿಮ್ಮಡದ ತನಕ ಏರಿತ್ತು. ದವಾಖಾನೆಯ ನಳದ ಹತ್ತಿರ ನಾನು ಮಿಶ್ರಿ ಉಗುಳುವುದನ್ನು ನರ್ಸಮ್ಮ ನಿಂತು ನೋಡಿದಳು.

"ಅವರೂ ತಿಕ್ಕತಾರೇನವಾ?"

"ಹಲ್ಲ ತಿಕ್ಕಬ್ಯಾಡ್ರಿ ಅಂತ ನೀವ್ಯಾರೂ ಹೇಳಿಲ್ಲಲ್ರಿ."

"ಅದೂ ತಂಬಾಕನ ಅಲ್ಲೇನು!"

ನರ ಜೋಡಿಸಲು ಆಗ ಕಾಲೇ ಉಳಿದಿರಲಿಲ್ಲ. ಮೊಳಕಾಲ ಕೆಳಗೆ ಕತ್ತರಿಸಿದರು. ಎಚ್ಚರವಾದಾಗ ಅವರು ಕಾಲಿನ ಸುದ್ದಿ ಕೇಳಲಿಲ್ಲ. "ನಾ ಸೇದಿದ್ದಿಲ್ಲ ಅಂತ ಓಣ್ಯಾಗ ಹೇಳು" ಎಂದರು.

ಹೇಳಿದೆ. ನಾದಿನಿ ಕಟ್ಟೆಯ ಮೇಲೆ ಕುಳಿತು, ಬಾಯಲ್ಲಿ ಬೆರಳಿಟ್ಟು ತಿಕ್ಕುತ್ತಲೇ ನಕ್ಕಳು. "ಮಿಶ್ರಿ ತಿಕ್ಕಿ ಯಾರ ಕಾಲ ಹೋಗ್ಯಾವ ವೈನಿ? ಕದ್ದ ಸೇದತಾರ ಅಂತ ಮೊದಲ ನೀನ ಹೇಳಿದ್ದಿ."

ಉಳಿದವರೂ ಅದನ್ನೇ ಅಂದರು. ಮುಂದೆ ಅವರು ತೀರಿಕೊಂಡಾಗಲೂ, ಕದ್ದು ಸೇದಿ ಕಾಲು ಕಳಕೊಂಡವ ಅಂತಲೇ ಓಣಿಯವರು ಅವರನ್ನು ಮಣ್ಣು ಮಾಡಿ ಬಂದರು.