ಕೊನೆಯ ಸಾಲಿನಲ್ಲಿ ಅಮ್ಮ

“ಶೀಟು ನಾಲ್ಕು, ಎರಡು ರಕ್ತ! ಕವರು ಮೂರು, ಒಂದು ವಾಂತಿ! ಟವೆಲ್ ಆರು, ಒಳ್ಳೇವು! ಗೌನು ಒಂದು, ತೋಳಿಲ್ಲ! ತಡೀರಿ, ತಡೀರಿ, ಒಳಗೇನೋ ಇದೆ. ಹಲ್ಲು! ಹಲ್ಲು ಒಂದು!”

“ಯಾರದಮ್ಮ ಅದು?” ಗಾಜಿನ ಆಚೆಯಿಂದ ಗುಮಾಸ್ತ ಕೇಳುತ್ತಾನೆ.

“ನಿಮ್ಮದಲ್ಲ ಬಿಡಿ ಸಾರ್. ಇದು ಬೆಳ್ಳಗಿದೆ.”

ಗಾಡಿ ತಳ್ಳುವ ಹೆಂಗಸರು ಮಾಸ್ಕಿನೊಳಗೇ ನಗುತ್ತಾರೆ. ಗುಮಾಸ್ತನೂ ನಗುತ್ತಾ ‘ಇತರೆ’ ಎಂಬ ಕಾಲಂನಲ್ಲಿ ‘ಹಲ್ಲು 1’ ಎಂದು ಬರೆದುಕೊಳ್ಳುತ್ತಾನೆ. ಅವಳು ಆಗಲೇ ಮುಂದಿನ ಗಂಟಿಗೆ ಕೈ ಹಾಕಿಯಾಗಿದೆ.

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರಕ್ಕೂ ಜನರೇಟರಿಗೂ ನಡುವೆ ಸಿಕ್ಕಿಕೊಂಡಿರುವ ಈ ಉದ್ದನೆಯ ಲಾಂಡ್ರಿ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಬೆಳಕು ಹರಿಯಿತೋ ಇಲ್ಲವೋ ಎಂಬುದು ಗಾಡಿ ತರುವವರ ಮುಖ ನೋಡಿಯೇ ಗೊತ್ತಾಗಬೇಕು. ವಾರ್ಡುಗಳಿಂದ ಇಳಿದ ಹಾಸಿಗೆ ಬಟ್ಟೆಯ ಗಂಟುಗಳನ್ನು ಬಿಚ್ಚಿ, ಕೊಡವಿ, ವಿಂಗಡಿಸಿ ಯಂತ್ರಕ್ಕೆ ಕಳಿಸುವುದು ಅವಳ ಕೆಲಸ. ಗಲೀಜು ಕೈಯವರು ಪೆನ್ನು ಮುಟ್ಟುವಂತಿಲ್ಲ, ಪೆನ್ನಿನವರು ಬಟ್ಟೆ ಮುಟ್ಟುವಂತಿಲ್ಲ. ನಡುವೆ ಗಾಜು, ಗಾಜಿಗೆ ಅಂಗೈಯಗಲದ ತೂತು. ಸಿಕ್ಕಿದ್ದನ್ನೆಲ್ಲ ಆ ತೂತಿಗೆ ಕೂಗಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಪಾಳಿಯೊಂದಕ್ಕೆ ಇಪ್ಪತ್ತೆರಡು ಗಾಡಿ, ಹೆಚ್ಚುಕಡಿಮೆ ಸಾವಿರದ ನೂರು ಬಟ್ಟೆ. ಮೂರು ಯಂತ್ರಗಳ ಸದ್ದನ್ನು ಮೀರಿಸಿ, ಮಾಸ್ಕಿನೊಳಗಿನಿಂದ, ಎಂಟು ಗಂಟೆ ಕೂಗು.

ಹಾಗೆ ಕೂಗಿ ಕೂಗಿಯೇ ಅವಳಿಗೆ ರೇಡಿಯೋ ಎಂದು ಹೆಸರು ಬಿತ್ತು. ಈಗ ಅವಳ ಹಾಡು ಕೇಳಿದ ಹನ್ನೊಂದು ಲಕ್ಷ ಜನಕ್ಕೂ ಅವಳು ರೇಡಿಯೋ. ವಯಸ್ಸು ಇಪ್ಪತ್ಮೂರು. ಕಾಲೇಜು ಯುವಕರು ಬೈಕಿನ ಮೇಲೆ ಅವಳ ಸಾಲು ಬರೆಸಿಕೊಂಡಿದ್ದಾರೆ. ಮದುವೆಗಳಲ್ಲಿ ಅದನ್ನು ಹಾಕಿ ಕುಣಿಯುತ್ತಾರೆ. ಯಾರಿಗೂ ಹೊಳೆಯದ ಸಂಗತಿಯೆಂದರೆ, ಅವರು ಕುಣಿಯುತ್ತಿರುವುದು ಮೂರನೇ ಯಂತ್ರದ ಸದ್ದಿಗೆ. ಅದರ ಡ್ರಮ್ಮು ಒಂದು ಕಡೆ ವಾಲಿದೆ. ಧಡ್, ಧಡ್, ಟಕ್. ಧಡ್, ಧಡ್, ಟಕ್.

“ರಿಪೇರಿಗೆ ಹೇಳಿ ಮೂರು ವರ್ಷ ಆಯ್ತು. ಮಾಡ್ಸಿದ್ರೆ ನನ್ನ ಹಾಡಿಗೆ ತಾಳ ಎಲ್ಲಿಂದ ಬರ್ತಿತ್ತು? ಕಂಟ್ರಾಕ್ಟರಿಗೆ ಒಂದು ನಮಸ್ಕಾರ ಹೇಳ್ಬೇಕು,” ಅನ್ನುತ್ತಾಳೆ. ನಗುವುದಿಲ್ಲ.

ಕಲಿಸಿದವರು ಯಾರೂ ಇಲ್ಲ. ಗಾಜು ಒಡೆದ ಫೋನಿನಲ್ಲಿ ಯಾವ್ಯಾವುದೋ ದೇಶದವರ ರ‍್ಯಾಪ್ ಕೇಳಿದಳು. ಭಾಷೆ ಗೊತ್ತಿಲ್ಲ. “ಗೊತ್ತಿಲ್ದೇ ಇದ್ದದ್ದೇ ಒಳ್ಳೇದಾಯ್ತು. ಉಸಿರು ಎಲ್ಲಿ ಕದೀತಾರೆ ಅಂತ ಅಷ್ಟೇ ಕೇಳ್ತಿದ್ದೆ. ಆಮೇಲೆ ಇಲ್ಲಿ ಬಂದು, ಒಂದು ಗಾಡಿ ಪೂರ್ತಿ ಎರಡೇ ಉಸಿರಲ್ಲಿ ಕೂಗೋದು. ಗುಮಾಸ್ತರು ಬೈಯೋರು, ನಿಧಾನ ಕಣೇ, ನನ್ನ ಕೈ ಏನು ಯಂತ್ರವಾ ಅಂತ.”

ಆ ಹಾಡು ಹುಟ್ಟಿದ್ದು ಬೆರಳಿನಿಂದ. ಅವಳ ಬೆರಳಲ್ಲ, ಅಮ್ಮನದು.

ನಾಲ್ಕು ವರ್ಷದ ಹಿಂದೆ ಇದೇ ಗಾಜಿನ ಮುಂದೆ ಅಮ್ಮ ನಿಂತಿದ್ದಳು. ಮಗಳು ಆಗ ಗಾಡಿ ತಳ್ಳುತ್ತಿದ್ದಳು. ಮಕ್ಕಳ ವಾರ್ಡಿನ ದಿಂಬಿನ ಕವರಿನಲ್ಲಿ ಯಾರೋ ಮರೆತ ಸೂಜಿ, ತೆಳ್ಳನೆಯ ಗ್ಲೌಸನ್ನು ದಾಟಿ ಅಮ್ಮನ ತೋರುಬೆರಳಿಗೆ ಇಳಿಯಿತು. ಅಮ್ಮ ಅಭ್ಯಾಸಬಲದಿಂದ ಮೊದಲು “ಸೂಜಿ ಒಂದು” ಎಂದು ಕೂಗಿದಳು. ಆಮೇಲೆ “ಚುಚ್ತು” ಎಂದಳು. ಗುಮಾಸ್ತ ಪುಸ್ತಕದ ಮೇಲೆ ಕಣ್ಣಾಡಿಸಿದ. ಶೀಟಿಗೆ ಕಾಲಂ ಇತ್ತು, ರಕ್ತಕ್ಕೆ ಇತ್ತು, ಸೂಜಿಗೂ ಇತ್ತು. ಚುಚ್ಚಿದ್ದಕ್ಕೆ ಇರಲಿಲ್ಲ. ‘ಸೂಜಿ 1’ ಎಂದು ಬರೆದು ಮುಂದಿನ ಗಂಟಿಗೆ ಕಾದ. ಅಮ್ಮ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಬಂದು ಮುಂದಿನ ಗಂಟನ್ನು ಬಿಚ್ಚಿದಳು.

ಏಳು ತಿಂಗಳಿಗೆ ಕಣ್ಣು ಹಳದಿಯಾಯಿತು. ಲಿವರ್‌ಗೆ ಸೋಂಕು, ರಕ್ತದಿಂದ ಬಂದದ್ದು ಎಂದರು ಡಾಕ್ಟರು. ದಿನಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಬದುಕಿರುವ ತನಕ. ಕೆಲಸದ ಮೇಲೆ ಆದದ್ದೆಂದು ಸಾಬೀತಾದರೆ ಚಿಕಿತ್ಸೆಯ ಹೊರೆ ಕಂಟ್ರಾಕ್ಟರಿನ ತಲೆಗೆ. ಇಲ್ಲದಿದ್ದರೆ ಅವಳ ತಲೆಗೆ. ಕಂಟ್ರಾಕ್ಟರು ಪುಸ್ತಕ ತೆಗೆದು ತೋರಿಸಿದ. ಸೂಜಿ ಸಿಕ್ಕಿದೆ, ನಿಜ. ಚುಚ್ಚಿದೆ ಅಂತ ಎಲ್ಲಿದೆ? ಕಾಯಿಲೆಯವಳನ್ನು ಮನೆಗೆ ಕಳಿಸಿ, ಆ ಜಾಗಕ್ಕೆ ಮಗಳನ್ನು ಹಾಕಿಕೊಂಡು, ಉಪಕಾರ ಮಾಡಿದೆ ಎಂದು ಕೈತೊಳೆದುಕೊಂಡ. ಅಮ್ಮನ ಏಪ್ರನ್ನನ್ನೇ ಮಗಳಿಗೆ ಕೊಟ್ಟರು. ಅಳತೆ ಸರಿಹೋಯಿತು.

ಅಮ್ಮ ಕಾರ್ಮಿಕರ ಕಚೇರಿಗೆ ಅರ್ಜಿ ಹಾಕಿದಳು. ಚುಚ್ಚಿದ್ದನ್ನು ಕಣ್ಣಾರೆ ಕಂಡವಳು ಮಗಳೊಬ್ಬಳೇ ಎಂದಾಯಿತು. ಉಳಿದವರಿಗೆ ಕೆಲಸ ಬೇಕಿತ್ತು. ಗುಮಾಸ್ತ “ನನಗೆ ಜ್ಞಾಪಕ ಇಲ್ಲಮ್ಮ” ಅಂದ. ಹತ್ತು ವರ್ಷದ ಕೆಳಗೆ ಯಾವ ವಾರ್ಡಿನಿಂದ ಎಷ್ಟು ಕಂಬಳಿ ಬಂತು ಎಂದು ಕೇಳಿದರೆ ಹೇಳಬಲ್ಲ ಮನುಷ್ಯ.

ಅರ್ಜಿ ಧೂಳು ತಿನ್ನುತ್ತಿದ್ದ ದಿನಗಳಲ್ಲಿ ರೇಡಿಯೋ ಊಟದ ಬಿಡುವಿನಲ್ಲಿ ಬಕೆಟ್ಟು ಬೋರಲು ಹಾಕಿ ಹತ್ತಿ ನಿಂತು ಹಾಡಿದಳು.

“ಶೀಟು ನೂರು, ಕವರು ನೂರು, ಮಲಗಿದ್ದೋರು ಯಾರು ಯಾರು?
ಗಂಟು ಬಿಚ್ಚು, ಕೊಡವಿ ನೋಡು, ಹಲ್ಲು ಒಂದು, ಸೂಜಿ ಮೂರು.
ಗ್ಲೌಸು ತೆಳು, ಈರುಳ್ಳಿ ಸಿಪ್ಪೆ, ಸಿಪ್ಪೆಯೊಳಗೆ ಅಮ್ಮನ ಬೆರಳು.
ಸೂಜಿಗುಂಟು ಪುಸ್ತಕದಲ್ಲಿ ಜಾಗ, ಬೆರಳಿಗಿಲ್ಲ ಒಂದೇ ಸಾಲು.”

ಇಸ್ತ್ರಿ ಮಾಡುವ ಅಕ್ಕ ಅದನ್ನು ಫೋನಿನಲ್ಲಿ ಹಿಡಿದು ಹರಿಯಬಿಟ್ಟಳು. ಮೂರು ದಿನಕ್ಕೆ ನಲವತ್ತು ಸಾವಿರ ಜನ. ಮೊಬೈಲ್ ರಿಪೇರಿ ಅಂಗಡಿಯ ಗೆಳೆಯನೊಬ್ಬ, ಇದನ್ನ ಸರಿಯಾಗಿ ರೆಕಾರ್ಡ್ ಮಾಡೋಣ ಬಾ ಎಂದ. ಅಂಗಡಿಯ ಹಿಂದಿನ ಗೂಡಿನಲ್ಲಿ ಗೋಡೆಗೆಲ್ಲ ಕಂಬಳಿ ತೂಗುಹಾಕಿ ಕೂತರು. ಎಲ್ಲ ಮುಗಿಯಿತು. ಗೆಳೆಯ ಹೆಡ್‌ಫೋನ್ ಕಳಚಿ ಹೇಳಿದ: “ಚೆನ್ನಾಗಿದೆ ಕಣೇ. ಆದ್ರೆ ಕೊನೇಲಿ ಏಟು ಬೀಳ್ತಿಲ್ಲ.”

ಅವಳಿಗೂ ಹಾಗೇ ಅನ್ನಿಸಿತ್ತು. ಅಲ್ಲೇ, ಬಿಲ್ಲಿನ ಹಿಂಭಾಗದಲ್ಲಿ, ನಾಲ್ಕು ನಿಮಿಷದಲ್ಲಿ ಬರೆದಳು.

“ಕಟ್ಟಕಡೆಗೆ ಬಂತೊಂದು ಶೀಟು. ಬೆಳ್ಳಗಿತ್ತು. ಭಾರವಿತ್ತು.
ಬಿಚ್ಚಿದೆ.
ಅಮ್ಮ.”

ಧಡ್, ಧಡ್, ಟಕ್. ಹಾಡು ಅಲ್ಲಿಗೆ ನಿಲ್ಲುತ್ತದೆ. ಕೇಳಿದವರ ಎದೆಯೂ ಅಲ್ಲೇ ನಿಂತಿತು. ಆ ಒಂದು ಪದ ಹನ್ನೊಂದು ಲಕ್ಷ ಜನರನ್ನು ಅಳಿಸಿತು.

ಅಮ್ಮ ಆಗ ಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

“ಕೇಳಿಸ್ದೆ,” ರೇಡಿಯೋ ನೆನೆಯುತ್ತಾಳೆ. “ಪೂರ್ತಿ ಕೇಳಿದ್ಳು. ಕೊನೇ ಸಾಲಿಗೆ ನನ್ನ ಮುಖ ನೋಡಿದ್ಳು. ‘ಚೆನ್ನಾಗಿ ಬಂದಿದ್ದೀನಿ’ ಅಂದ್ಳು. ಅಷ್ಟೇ. ನಾನು ಅದನ್ನ ಹೊಗಳಿಕೆ ಅಂದ್ಕೊಂಡೆ.”

ಮೊದಮೊದಲು ಅದೊಂದು ತಮಾಷೆಯೇ ಆಯಿತು. ಎದುರು ಬೀದಿಯ ಹೆಂಗಸೊಬ್ಬಳು ಸಾಂತ್ವನ ಹೇಳಲು ಹಣ್ಣು ಹಿಡಿದುಕೊಂಡು ಬಂದಳು. ಬಾಗಿಲು ತೆಗೆದವಳನ್ನು “ನೀವು ಅವಳಿಗೆ ಏನಾಗ್ಬೇಕು?” ಎಂದು ಕೇಳಿದಳು. “ಸತ್ತವಳೇ ನಾನು. ಬನ್ನಿ, ಒಳಗೆ ಬನ್ನಿ,” ಎಂದಳು ಅಮ್ಮ. ಹಣ್ಣು ತೆಗೆದಿಟ್ಟುಕೊಂಡಳು. ಅಂಗಡಿಯವನು ಅವಳನ್ನು ಕಂಡಾಗಲೆಲ್ಲ “ಯಾವಾಗ ಬಂದ್ರಿ ಅಮ್ಮ, ಅಲ್ಲಿಂದ?” ಎಂದು ಆಕಾಶದ ಕಡೆ ಕೈ ತೋರಿಸತೊಡಗಿದ. ಒಂದು ವಾರ ಅವಳೂ ನಕ್ಕಳು. ಆಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟಳು.

ನಗು ಪೂರ್ತಿ ಅಡಗಿದ್ದು ಎರಡು ತಿಂಗಳ ಹಿಂದೆ, ಅರ್ಜಿಯ ವಿಚಾರಣೆಯ ದಿನ.

ಕಚೇರಿಯ ಕೋಣೆ, ಉದ್ದ ಮೇಜು, ತುದಿಯಲ್ಲಿ ವಿಚಾರಣೆಯ ಅಧಿಕಾರಿ, ಒಂದು ಪಕ್ಕ ತಾಯಿ ಮಗಳು, ಇನ್ನೊಂದು ಪಕ್ಕ ಕಂಟ್ರಾಕ್ಟರಿನ ವಕೀಲರು. ರೇಡಿಯೋ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ವಕೀಲರು ಅಡ್ಡಪ್ರಶ್ನೆ ಕೇಳಲಿಲ್ಲ. ಫೋನನ್ನು ಮೇಜಿನ ನಡುವೆ ಇಟ್ಟು ಹಾಡು ಹಾಕಿದರು. ಪೂರ್ತಿ ಮೂರು ನಿಮಿಷ ನಲವತ್ತು ಸೆಕೆಂಡು. ಮೇಜಿನ ಕೆಳಗೆ ಅಧಿಕಾರಿಯ ಪಾದ ತಾಳ ಹಾಕುತ್ತಿತ್ತು. ರೇಡಿಯೋ ಅದನ್ನು ಕಂಡಳು, ಒಳಗೊಳಗೇ ಹಿಗ್ಗಿದಳು ಕೂಡ. ಕೊನೆಯ ಸಾಲು ಬಂತು. ವಕೀಲರು ಫೋನ್ ಆರಿಸಿದರು.

“ಇದನ್ನ ಬರೆದದ್ದು ನೀವೇನಾ?”

“ಹೌದು.”

“ಇದು ನಿಮ್ಮ ತಾಯಿ ಕಥೆನಾ?”

“ಹೌದು.”

“ಹಾಗಾದ್ರೆ ಈ ಕುರ್ಚೀಲಿ ಕೂತಿರೋರು ಯಾರು?”

ಯಾರೋ ಕಿಸಕ್ಕೆಂದು ನಕ್ಕರು. ವಕೀಲರು ನಗಲಿಲ್ಲ, ತುಂಬ ಮರ್ಯಾದೆಯಿಂದ ಕೇಳಿದರು: “ಅಮ್ಮ ಸತ್ತದ್ದನ್ನೂ ಕಣ್ಣಾರೆ ಕಂಡಿದ್ದೀರಿ. ಸೂಜಿ ಚುಚ್ಚಿದ್ದನ್ನೂ ಕಣ್ಣಾರೆ ಕಂಡಿದ್ದೀರಿ. ಎರಡ್ರಲ್ಲಿ ಯಾವುದನ್ನ ನಂಬೋಣ?”

“ಅದು ಹಾಡು ಸಾರ್,” ಎಂದಳು. ಸಾವಿರದ ನೂರು ಬಟ್ಟೆಗಳನ್ನು ಎಡವದೆ ಕೂಗುವ ಬಾಯಿಂದ ಆ ಹೊತ್ತು ಅದಕ್ಕಿಂತ ಹೆಚ್ಚು ಹೊರಡಲಿಲ್ಲ.

ಮೂರು ವಾರದ ಹಿಂದೆ ಆದೇಶ ಬಂತು. ಏಕೈಕ ಸಾಕ್ಷಿಯು ಪ್ರಚಾರಕ್ಕಾಗಿ ಕಟ್ಟುಕತೆ ಹೇಳುವ ಅಭ್ಯಾಸವುಳ್ಳವರಾದ ಕಾರಣ ಅರ್ಜಿ ವಜಾ. ಮೇಲ್ಮನವಿಗೆ ತೊಂಬತ್ತು ದಿನ ಅವಕಾಶವಿದೆ, ಹೊಸ ಸಾಕ್ಷಿ ಸಿಕ್ಕಿದರೆ. ಅಮ್ಮ ಈಗ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾಳೆ. ಮಗಳು ಬೈದರೆ, “ಸತ್ತವಳಿಗೆ ಇಷ್ಟು ಸಾಕು” ಅನ್ನುತ್ತಾಳೆ. ಅದು ತಮಾಷೆಯೋ ಅಲ್ಲವೋ ಎಂದು ಮಗಳಿಗೆ ಗೊತ್ತಾಗುವುದಿಲ್ಲ.

“ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ,” ಅನ್ನುತ್ತಾಳೆ ರೇಡಿಯೋ, ಕೊಡವಿದ ಶೀಟಿನ ಅಂಚು ನೋಡುತ್ತಾ. “ಚುಚ್ಚಿದ್ದು ಯಾರ ಕಿವಿಗೂ ಬೀಳ್ತಿರಲಿಲ್ಲ. ಸತ್ಳು ಅಂದ ಕೂಡ್ಲೆ ಎಲ್ರೂ ತಿರುಗಿ ನೋಡಿದ್ರು. ಬರೀ ಚುಚ್ಚಿದ್ದಕ್ಕೆ ಯಾರು ಅಳ್ತಾರೆ ಹೇಳಿ?”

ಹಾಡು ಹಿಟ್ ಆದ ಮೇಲೆ ಲಾಂಡ್ರಿಗೆ ದಪ್ಪ ಗ್ಲೌಸ್ ಬಂತು. ಒಂದೇ ಜೊತೆ, ಅವಳಿಗೆ ಮಾತ್ರ. ಅದನ್ನು ಕಂಟ್ರಾಕ್ಟರು ಕೈಯಾರೆ ತೊಡಿಸುವ ಫೋಟೋ ಆಸ್ಪತ್ರೆಯ ಗೋಡೆಯ ಮೇಲಿದೆ. “ಬಂತು ನೋಡಿ, ಸ್ಟಾರ್ ಗ್ಲೌಸು!” ಎಂದು ಜೊತೆಯವರು ಚುಡಾಯಿಸುತ್ತಾರೆ. ಆಪರೇಷನ್ ಥಿಯೇಟರಿನ ಗಾಡಿ ಯಾರ ಪಾಲಿಗೆ ಬರುತ್ತದೋ ಅವರಿಗೆ ಅವಳು ಅದನ್ನು ಕಳಚಿ ಕೊಡುತ್ತಾಳೆ. ಇಂದು ಆ ಗಾಡಿ ಇಳಿಸಲು ನಿಂತ ಇಸ್ತ್ರಿಯ ಅಕ್ಕನ ಕೈಯಲ್ಲಿ ಅದಿದೆ. ರೇಡಿಯೋ ಕೈಯಲ್ಲಿ ಈರುಳ್ಳಿ ಸಿಪ್ಪೆ. ಗುಮಾಸ್ತ ಮೊನ್ನೆ ಗಾಜಿನ ತೂತಿನಿಂದ ಒಂದು ಚೀಟಿ ದಾಟಿಸಿದ: ಮಗಳು ನಿಮ್ಮ ಹಾಡು ಅಂದ್ರೆ ಪ್ರಾಣ ಬಿಡ್ತಾಳೆ, ಒಂದು ಸಹಿ ಹಾಕಿಕೊಡಿ. ಅವಳು ಹಾಕಿಕೊಟ್ಟಳು. “ಕೂಸಿಂದೇನು ತಪ್ಪು?”

ಒಂದು ಗಂಟೆಗೆ ಪಾಳಿ ಮುಗಿಯುತ್ತದೆ. ಮನೆಯೆಂದರೆ ಎರಡನೇ ಮಹಡಿಯಲ್ಲಿ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಒಲೆ, ಪಾತ್ರೆ, ಮೈಕು. ಇಂದು ಬಾಗಿಲ ಹೊರಗೆ ಹೊಳೆಯುವ ಬೂಟುಗಳಿವೆ. ಹಾಡಿನ ಕಂಪನಿಯವನು ಬಂದಿದ್ದಾನೆ. ಶನಿವಾರ ಕ್ರೀಡಾಂಗಣದಲ್ಲಿ ಅವಳ ಮೊದಲ ದೊಡ್ಡ ಕಾರ್ಯಕ್ರಮ; ಎಂಟು ಸಾವಿರ ಟಿಕೆಟ್ ಖರ್ಚಾಗಿವೆ.

ಹೋದ ಸಲ ಬಂದಾಗ ಈತ ಬೇರೆಯೇ ಮಾತು ತಂದಿದ್ದ. ಹೊಸ ಆಲ್ಬಂ ಬರುವ ತನಕ ಅಮ್ಮ ದೂರದ ಊರಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಇರಲಿ, ಯಾರ ಕಣ್ಣಿಗೂ ಬೀಳದಿರಲಿ. ರೇಡಿಯೋ ಅವನ ಬೂಟುಗಳನ್ನು ಮೆಟ್ಟಿಲ ಕೆಳಕ್ಕೆ ಎಸೆದಿದ್ದಳು. ಈಗ ವಿಚಾರಣೆಯ ಸುದ್ದಿ ಅಲ್ಲಲ್ಲಿ ಹರಡಿದೆ. ಅವನೂ ಮಾತು ತಿರುಗಿಸಿಕೊಂಡು ಬಂದಿದ್ದಾನೆ.

“ಮುಚ್ಚಿಡೋದೇ ಬೇಡಮ್ಮ,” ಎನ್ನುತ್ತಾನೆ, ನೆಲದ ಮೇಲೆ ಕಾಲು ಮಡಚಿ ಕೂತು. “ಕೊನೇ ಸಾಲು ಬರುತ್ತೆ. ಇವಳು ‘ಬಿಚ್ಚಿದೆ’ ಅಂತಾಳೆ. ಎಲ್ಲಾ ದೀಪ ಆರುತ್ತೆ. ಆಮೇಲೆ ಒಂದೇ ಒಂದು ದೀಪ. ಅದರ ಕೆಳಗೆ ನೀವು. ಬಿಳಿ ಸೀರೆ. ಜನ ಹುಚ್ಚೆದ್ದು ಹೋಗ್ತಾರೆ! ನೀವು ಬಾಯಿ ಬಿಡೋದೂ ಬೇಡ, ಸುಮ್ನೆ ನಾಲ್ಕು ಹೆಜ್ಜೆ ನಡೀರಿ.”

ಅಮ್ಮ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳುತ್ತಾಳೆ. ಮಗಳು ಬಾಗಿಲಲ್ಲೇ ನಿಂತಿದ್ದಾಳೆ. ಈ ಸಲ ಬೂಟುಗಳ ಕಡೆ ಬಗ್ಗುವುದಿಲ್ಲ.

“ಮಾರನೇ ದಿನವೇ ಇಡೀ ಊರು ನಿಮ್ಮ ಪರ,” ಎನ್ನುತ್ತಾನೆ ಅವನು. “ನಿಮ್ಮ ಮೇಲ್ಮನವಿಗೆ ನಮ್ಮ ಕಂಪನಿಯಿಂದಲೇ ವಕೀಲರು. ಇವತ್ತೇ ಬರೆದುಕೊಡ್ತೀನಿ.”

ರೇಡಿಯೋ ಮೊದಲ ಸಲ ಬಾಯಿ ತೆರೆಯುತ್ತಾಳೆ. “ವಕೀಲರು ಸಿಗ್ತಾರೆ ಅಂದ್ರೆ, ಅಮ್ಮ… ನಾಲ್ಕೇ ಹೆಜ್ಜೆ.”

ಅಮ್ಮ ಮಗಳನ್ನು ನೋಡುತ್ತಾಳೆ. ನೋಟದಲ್ಲಿ ಕೋಪವಿಲ್ಲ, ಇದ್ದಿದ್ದರೆ ಮಗಳಿಗೆ ಸುಲಭವಾಗುತ್ತಿತ್ತು.

“ಬರಲ್ಲ.”

“ಕಾರು ಕಳಿಸ್ತೀವಮ್ಮ, ಬಾಗಿಲ ತನಕ.”

“ಬರಲ್ಲ ಅಂದೆ.”

“ಯಾಕೆ ಅಂತನಾದ್ರೂ ಹೇಳಿ.”

“ಸಾಯಿಸುವಾಗ ನನ್ನ ಯಾರಾದ್ರೂ ಕೇಳಿದ್ರಾ?” ಅಮ್ಮ ಗೋಡೆ ಹಿಡಿದು ಎದ್ದು ನಿಲ್ಲುತ್ತಾಳೆ. “ಚುಚ್ತು ಅಂತ ಕೂಗಿದವಳು ನಾನು. ಅದನ್ನ ಕೇಳೋರಿದ್ರೆ ಹೇಳಿ, ಎಷ್ಟು ದೂರ ಆದ್ರೂ ನಡ್ಕೊಂಡೇ ಬರ್ತೀನಿ. ಬದುಕಿ ಬಂದ್ಳು ಅಂತ ಚಪ್ಪಾಳೆ ತಟ್ಟಿಸ್ಕೊಳ್ಳೋಕೆ ಬರಲ್ಲ.”