ಸರ್ವರ್ ರೂಮಿನಲ್ಲಿ ಆರಿದ ದೀಪ

ದೇವರ ಮುಂದೆ ಹಚ್ಚಿದ ದೀಪವನ್ನು ನೀವು ಊದಿ ಆರಿಸುತ್ತೀರಾ? ಇಲ್ಲ ತಾನೇ? ನಮ್ಮ ಮನೆಯಲ್ಲೂ ಇಲ್ಲ. ಕಳೆದ ವಾರ ಪೀಣ್ಯದಲ್ಲಿ ಎಡವಟ್ಟಾಗಿದ್ದೇ ಅದರಿಂದ.

ನನ್ನ ತಂಗಿ ಸುಮಾ ಅಲ್ಲಿ ಪುಟ್ಟ ಮಷಿನ್ ಶಾಪ್ ನಡೆಸುತ್ತಾಳೆ. ಆಯುಧಪೂಜೆಗೆ ಯಂತ್ರಗಳಿಗೆಲ್ಲ ಚೆಂಡು ಹೂವು, ಬಾಳೆಕಂದು, ಬಣ್ಣದ ಕಾಗದದ ತೋರಣ. ಸರ್ವರ್ ರೂಮಿಗೂ ಅದೇ ಅಲಂಕಾರ. (ಕಂಪ್ಯೂಟರೂ ಆಯುಧವೇ ಅಲ್ಲವೇ?) ಅವಳ ಅತ್ತೆ ಅಲ್ಲೊಂದು ಎಣ್ಣೆದೀಪ ಹಚ್ಚಿಟ್ಟರು. ಊಟಕ್ಕೆ ಹೊರಟಾಗ ಅದನ್ನು ಆರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಬಾಗಿಲು ಎಳೆದುಕೊಂಡು ಬಂದು ಎಲೆ ಮುಂದೆ ಕೂತೆವು.

ಆ ರೂಮಿನಲ್ಲಿ ಸುಮಾಳ ಜೀವವೇ ಇದೆ. ಗಿರಾಕಿಗಳ ಡ್ರಾಯಿಂಗ್‌ಗಳು, ಮಷಿನ್ ಓಡಿಸುವ ಪ್ರೋಗ್ರಾಂಗಳು, ಎಲ್ಲ. (ಬ್ಯಾಕಪ್ಪೂ ಅಲ್ಲೇ. ನಗಬೇಡಿ, ನಿಮ್ಮದೆಲ್ಲಿದೆ?) ಸೋಮವಾರ ದೊಡ್ಡ ಡೆಲಿವರಿ. ತಪ್ಪಿದರೆ ಶಾಪಿಗೆ ಬೀಗ ಬಿದ್ದಂತೆ.

ಅದಕ್ಕೇ ಹೋದ ವರ್ಷ ಅಲ್ಲಿ ತಾನಾಗಿಯೇ ಬೆಂಕಿ ಆರಿಸುವ ಗ್ಯಾಸ್ ಸಿಸ್ಟಂ ಹಾಕಿಸಿದ್ದಳು. ಅತ್ತೆಗೆ ಅದು ದಂಡದ ಕೆಲಸ. ಬಾಗಿಲ ಪಕ್ಕದ ಮರಳಿನ ಬಕೆಟ್ ಸಾಲದೇ ಎಂದು ವರ್ಷವಿಡೀ ಗೊಣಗಿದ್ದರು. ನೀರು ಬಿದ್ದರೆ ಸರ್ವರ್ ಸತ್ತಂತೆ, ಪೌಡರ್ ಹೊಡೆದರೆ ಸಂದಿಗೊಂದಿಗೆಲ್ಲ ಹೊಕ್ಕು ಹಾಳು, ಹಳೇ ಕಾಲದ ಹ್ಯಾಲಾನ್ ಗ್ಯಾಸಾದರೆ ಓಝೋನ್ ಪದರಕ್ಕೇ ಕುತ್ತು. ಈ ಸಿಸ್ಟಂನದು ಗಾಳಿಯಲ್ಲೇ ಇರುವ ನೈಟ್ರೋಜನ್, ಆರ್ಗಾನ್. ಬೆಂಕಿಯ ಉಸಿರು ಕಟ್ಟಿಸುತ್ತದೆ, ತನ್ನ ಗುರುತೂ ಉಳಿಸುವುದಿಲ್ಲ. ಸುಮಾ ಹೇಳಿ ಹೇಳಿ ಸೋತಿದ್ದಳು.

ಪಾಯಸ ಬಡಿಸುವ ಹೊತ್ತಿಗೆ ಸೈರನ್ ಕೂಗಿತು. ಗಾಜಿನ ಬಾಗಿಲಾಚೆ ತೋರಣ ಜಾರಿ ದೀಪದ ಮೇಲೆ ಬಿದ್ದು, ಬೆಂಕಿ ಸರ್ವರ್ ಇರುವ ರ‍್ಯಾಕಿನತ್ತ ಏರುತ್ತಿತ್ತು. ಅತ್ತೆ ನೀರಿನ ಕೊಡ ಹಿಡಿದು ಓಡಿದರು. ಸುಮಾ ಬಾಗಿಲಿಗೆ ಅಡ್ಡ ನಿಂತಳು.

"ತೆಗೀಬೇಡಿ ಅತ್ತೆ. ತೆಗೆದ್ರೆ ಗ್ಯಾಸೆಲ್ಲ ಆಚೆ ಹೋಗ್ಬಿಡತ್ತೆ."

ಅತ್ತೆ ಕೊಡ ಹಿಡಿದೇ ನಿಂತರು. ಒಳಗೆ ಭುಸ್ಸೆಂದು ಸದ್ದು. ಬೆಂಕಿ ಕುಗ್ಗಿತು, ಸತ್ತಿತು.

ಗಾಳಿಯಾಡಿಸಿ ಒಳಗೆ ಹೋದರೆ ಒಂದಿಷ್ಟು ಬೂದಿ, ಅಷ್ಟೇ. ಸರ್ವರ್ ಏನೂ ಆಗಿಲ್ಲವೆಂಬಂತೆ ಗುಂಯ್‌ಗುಡುತ್ತಿತ್ತು. ಗೆದ್ದುಬಿಟ್ಟಳು ನನ್ನ ತಂಗಿ! ನಾನಂತೂ ಎಂಜಲು ಕೈಯಲ್ಲೇ ಕುಣಿದೆ. (ಸೋಮವಾರ ಡೆಲಿವರಿಯೂ ಹೊತ್ತಿಗೆ ಸರಿಯಾಗಿ ಹೊರಟಿತು.)

ಅತ್ತೆ ಮಾತ್ರ ದೀಪವನ್ನೇ ನೋಡುತ್ತಿದ್ದರು. ಗ್ಯಾಸ್ ಅದನ್ನೂ ಆರಿಸಿತ್ತು. ಹಬ್ಬದ ದಿನ ದೀಪ ಆರಿತಲ್ಲ, ಅಪಶಕುನವಲ್ಲವೇ ಎಂದು ಅವರಿಗೆ ಅಳುಕು. ಸುಮಾ ಭುಜ ಹಿಡಿದು ಅವರನ್ನು ರ‍್ಯಾಕಿನತ್ತ ತಿರುಗಿಸಿದಳು. ಅಲ್ಲಿ ಸಾಲು ಸಾಲು ಹಸಿರು ಲೈಟುಗಳು.

"ಅದೊಂದು ಆರಿದ್ದಕ್ಕೇ ಅತ್ತೆ, ಇವಿಷ್ಟೂ ಉರೀತಿರೋದು."